ಹಜಾರ ಜಂಕ್ಷನ್

ಅಮೆರಿಕದಲ್ಲಿ ನಮ್ಮ ಹಬ್ಬಕ್ಕೆ ರಜೆಯಿಲ್ಲ, ರಜೆ ಇದ್ದಾಗ ನಮ್ಮ ಹಬ್ಬವಿಲ್ಲ. ಗೌರಿಗೆ ಆಫೀಸು, ಗಣೇಶನಿಗೆ ಶಾಲೆ. ಆಯುಧಪೂಜೆಯ ದಿನ ಕಾರಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಅದನ್ನು ಜಜ್ಜಿಕೊಂಡೇ ಮೀಟಿಂಗಿಗೆ ಓಡಬೇಕು. ಡಿಸೆಂಬರ್ ಕೊನೆಯಲ್ಲಿ ಮಾತ್ರ ಇಡೀ ದೇಶ ಬಾಗಿಲು ಹಾಕಿಕೊಂಡು ಹೊದ್ದು ಮಲಗುತ್ತದೆ. ಹೀಗಾಗಿ ಷಿಕಾಗೋ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ವರ್ಷವಿಡೀ ಬಾಕಿ ಬಿದ್ದ ಹಬ್ಬಗಳೆಲ್ಲ ಕ್ರಿಸ್‌ಮಸ್ ಹೆಸರಿನಲ್ಲಿ ಒಟ್ಟಿಗೆ ಚುಕ್ತಾ ಆಗುತ್ತವೆ. ಮರ ಅವರದು, ಹೋಳಿಗೆ ನಮ್ಮದು.

ಆ ಮರದ ಬುಡಕ್ಕೆ ಆಟದ ರೈಲು ಸುತ್ತಿಸುವುದು ಇಲ್ಲಿನವರ ಹಳೇ ಪದ್ಧತಿ. ನಮ್ಮ ಮಕ್ಕಳ ಪಾಲಿಗೆ ಬಂದದ್ದು ಲೆಗೋ ರೈಲು. ಲೆಗೋ ತುಳಿದ ಅಂಗಾಲಿನ ಸಂಕಟದ ಬಗ್ಗೆ ಬರೆಯಬೇಕಾದ್ದನ್ನೆಲ್ಲ ಜಗತ್ತಿನ ತಂದೆತಾಯಂದಿರು ಬರೆದು ಮುಗಿಸಿದ್ದಾರೆ, ನಾನು ಬೆಳೆಸುವುದಿಲ್ಲ. ಪ್ರತಿ ವರ್ಷ ಒಂದು ಸುತ್ತು ಹಳಿ ಜೋಡಿಸಿ ಗಾಡಿ ಬಿಡುವುದು, ಅರ್ಧ ಗಂಟೆಗೆ ಬೇಜಾರಾಗಿ ಎಲ್ಲರೂ ಫೋನು ಹಿಡಿಯುವುದು, ಇಷ್ಟೇ ನಡೆದುಕೊಂಡು ಬಂದಿತ್ತು. ಈ ಸಲ ಡಿಸೆಂಬರ್ ಮಧ್ಯಕ್ಕೆ ಅತ್ತೆ ಮಾವ ಬಂದಿಳಿದರು. ಮಾವ ಹಾಸನ, ಅರಸೀಕೆರೆ ಕಡೆ ಸ್ಟೇಷನ್ ಮಾಸ್ಟರ್ ಆಗಿದ್ದವರು. ‘ಆಗಿದ್ದವರು’ ಎಂದರೆ ಅವರಿಗೆ ಸಿಟ್ಟು. ಇಲಾಖೆ ಪಿಂಚಣಿ ಕೊಡಬಹುದು, ಸ್ಟೇಷನ್ ಮಾಸ್ಟರಿಕೆಯನ್ನು ವಾಪಸು ಪಡೆಯಲಾರದು ಎನ್ನುವುದು ಅವರ ನಿಲುವು.

ಜೆಟ್‌ಲ್ಯಾಗಿಗೂ ಧನುರ್ಮಾಸಕ್ಕೂ ಮುಹೂರ್ತ ಒಂದೇ. ಬೆಳಗಿನ ಜಾವ ಮೂರಕ್ಕೇ ಇಬ್ಬರೂ ಎದ್ದು ಕೂರುತ್ತಿದ್ದರು. ಅತ್ತೆಗೆ ಹುಗ್ಗಿಯ ಕೆಲಸವಿತ್ತು. ಕೆಲಸವಿಲ್ಲದ ಮಾವ ಹಜಾರದ ಮೂಲೆಯಲ್ಲಿದ್ದ ಹಳಿಯ ಡಬ್ಬವನ್ನು ಬಿಚ್ಚಿದರು. ನಾನು ಕೆಳಗಿಳಿದು ಬರುವ ಹೊತ್ತಿಗೆ ಮೊಮ್ಮಗಳನ್ನು ಎಬ್ಬಿಸಿ ಕೂರಿಸಿಕೊಂಡು ತನಿಖೆ ನಡೆಸಿದ್ದರು.

“ಇದು ಮೀಟರ್ ಗೇಜೋ, ಬ್ರಾಡ್ ಗೇಜೋ?”

“ನಾಲ್ಕು ಸೆಂಟಿಮೀಟರಿಗೂ ಕಮ್ಮಿ ತಾತ. ಲೆಗೋ ರೈಲು ಶುರುವಾಗಿದ್ದು 1966ರಲ್ಲಿ, ಆಗಿನಿಂದ ಇದೇ ಗೇಜು. ಮೊದಲು ನೀಲಿ ಹಳಿ ಇತ್ತು, ಆಮೇಲೆ ಬೂದು ಬಣ್ಣದ್ದು. 1991ರಲ್ಲಿ ಕರೆಂಟ್ ಹರಿಯೋ ಲೋಹದ ಹಳಿ ಬಂತು, 2006ರಲ್ಲಿ ಮತ್ತೆ ಬರೀ ಪ್ಲಾಸ್ಟಿಕ್ಕು. ಗೇಜ್ ಮಾತ್ರ ಚೇಂಜ್ ಆಗಿಲ್ಲ.”

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಹಾಸನ–ಮಂಗಳೂರು ಮಾರ್ಗದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಲು 1996ರಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಲಿಸಿದ್ದು. ಘಾಟಿಯಲ್ಲಿ ಅದು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ಹನ್ನೊಂದು ವರ್ಷ ‘ಗಾಡಿ ಯಾವಾಗ ಸಾರ್?’ ಎಂದು ಊರೆಲ್ಲ ಮಾವನನ್ನೇ ಕೇಳಿದೆ, ಮದುವೆ ಮನೆಯ ಪಂಕ್ತಿಯಲ್ಲೂ ಬಿಟ್ಟಿಲ್ಲ. ಒಂದೇ ಗೇಜಿಗೆ ನಿಷ್ಠೆಯಿಂದಿರುವ ರೈಲ್ವೆಯೊಂದು ಭೂಮಿಯ ಮೇಲೆ ಇದೆಯೆಂದು ಕೇಳಿದ ಮೇಲೆ ಅದರ ಆಡಳಿತವನ್ನು ಕೈಗೆತ್ತಿಕೊಳ್ಳದೆ ಅವರಿಗೆ ಬೇರೆ ದಾರಿಯಿರಲಿಲ್ಲ.

ಮಾರನೆಯ ದಿನ ಫ್ರಿಜ್ಜಿನ ಮೇಲೆ ನೇಮಕಾತಿಯ ಹಾಳೆ ಅಂಟಿತ್ತು. ಎಂಟನೇ ಕ್ಲಾಸಿನ ಮಗಳು ಹಳಿ ವಿಭಾಗದ ಎಂಜಿನಿಯರ್. ಮೂರನೇ ಕ್ಲಾಸಿನ ಮಗ ಡ್ರೈವರ್. ಆಫೀಸಿನಲ್ಲಿ ಮೂರು ಖಂಡಗಳ ಎಂಜಿನಿಯರುಗಳನ್ನು ಆಳುವ ಇವರು ಪಾಯಿಂಟ್ಸ್‌ಮನ್. ನಾನು ಗೇಟ್‌ಕೀಪರ್, ಏಕೆಂದರೆ ಹಳಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಹಾಯುತ್ತದೆ. ಕೈಯಲ್ಲಿ ಕುದಿಯುವ ಸಾರಿನ ಪಾತ್ರೆ ಹಿಡಿದು ಗೂಡ್ಸ್ ಗಾಡಿ ದಾಟುವ ತನಕ ನಿಂತು ನೋಡಿ, ನನ್ನ ಕಷ್ಟ ತಿಳಿಯುತ್ತದೆ. ಗೂಡ್ಸ್ ಎಂದರೆ ಮೂರೇ ಬೋಗಿ. ಆದರೂ ಅದು ಗೂಡ್ಸ್ ಗಾಡಿಯ ವೇಗದಲ್ಲೇ ಹೋಗಬೇಕೆಂದು ಮೇಲಿನಿಂದ ಆದೇಶವಾಗಿತ್ತು.

ಅಡುಗೆಮನೆಯ ತನಕ ಲೈನು ಎಳೆಯುವ ಯೋಚನೆ ಮಗಳದು. ಲೆಗೋ ಹಳಿಯ ನೇರ ತುಂಡು 12.8 ಸೆಂಟಿಮೀಟರ್, ಬಾಗಿದ ತುಂಡು ಹದಿನಾರು ಸೇರಿದರೆ ಒಂದು ಪೂರ್ತಿ ವೃತ್ತ, ಅದರ ಅಡ್ಡಳತೆ 70 ಸೆಂಟಿಮೀಟರ್. ಹಜಾರದ ಮರದಿಂದ ಅಡುಗೆಮನೆಗೆ ಆರು ಮೀಟರ್. ಹೋಗಲು 47 ತುಂಡು, ಬರಲು ಇನ್ನೊಂದು 47. ಆನ್‌ಲೈನಿನಲ್ಲಿ ಬೆಲೆ ನೋಡಿದ ಇವರು ತುಂಬಾ ಹೊತ್ತು ಮಾತಾಡಲಿಲ್ಲ. ಆಗ ಮಾವ ಎದೆಯುಬ್ಬಿಸಿ ಹೇಳಿದರು: “ಡಬಲ್ ಲೈನ್ ಯಾಕೋ ಬೇಕು? ಸಿಂಗಲ್ ಲೈನಲ್ಲೇ ಸರ್ವಿಸ್ ಮುಗಿಸಿದೀನಿ ನಾನು.”

ಎರಡೂ ತುದಿಗೆ ಗಾಡಿ ತಿರುಗಿ ಬರಲು ಒಂದೊಂದು ಸುತ್ತು, ನಡುವೆ ಒಂಟಿ ಹಳಿ. ಕರೆಂಟ್ ಹರಿಯುವ ಹಳೇ ಲೋಹದ ಹಳಿಯಾಗಿದ್ದರೆ ಇಂಥ ಸುತ್ತಿನಲ್ಲಿ ಶಾರ್ಟ್ ಆಗುತ್ತಿತ್ತಂತೆ. ಈಗ ಬ್ಯಾಟರಿ ಗಾಡಿಯ ಹೊಟ್ಟೆಯಲ್ಲೇ ಕೂತಿರುವುದರಿಂದ ಆ ತಾಪತ್ರಯವಿಲ್ಲ. ಒಂದೊಂದು ಗಾಡಿಗೆ ಆರಾರು ಸಣ್ಣ ಸೆಲ್ಲು. ಆ ವಾರ ನಮ್ಮ ಮನೆಯ ಟಿವಿ ರಿಮೋಟು, ಗೋಡೆ ಗಡಿಯಾರ, ಮಾವನದೇ ಬಿ.ಪಿ. ಯಂತ್ರ, ಎಲ್ಲವೂ ರೈಲ್ವೆಗೆ ರಕ್ತದಾನ ಮಾಡಿದವು.

ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರು ಬಾರದಂತೆ ನೋಡಿಕೊಳ್ಳಲು ಟೋಕನ್ ಬೇಕಿತ್ತು. ನಮ್ಮ ರೈಲ್ವೆಯಲ್ಲಿ ಬಹಳ ಕಾಲ ನಡೆದದ್ದು ನೀಲ್ಸ್ ಯಂತ್ರದ ಕಬ್ಬಿಣದ ಚೆಂಡು. ಎರಡೂ ಕಡೆಯ ಸ್ಟೇಷನ್ನಿನವರು ಒಪ್ಪಿದರೆ ಮಾತ್ರ ಯಂತ್ರದಿಂದ ಒಂದು ಚೆಂಡು ಈಚೆ ಬರುತ್ತದೆ. ಅದು ಹೊರಗಿರುವ ತನಕ ಎರಡನೆಯದು ಬರುವುದಿಲ್ಲ. ಬೆತ್ತದ ಬಳೆಯ ಚೀಲದಲ್ಲಿಟ್ಟು ಓಡುವ ಗಾಡಿಯ ಡ್ರೈವರಿಗೆ ಕೊಡುವುದು, ಮುಂದಿನ ಸ್ಟೇಷನ್ನಿನಲ್ಲಿ ಅವನು ಅದನ್ನು ಒಪ್ಪಿಸುವುದು. ಚೆಂಡು ಕೈಗೆ ಸಿಗದೆ ಡ್ರೈವರ್ ಒಂದಡಿ ಮುಂದೆ ಹೋಗುವಂತಿಲ್ಲ. ಇದನ್ನು ಮಾವ ವಿವರಿಸುವಾಗ ಅತ್ತೆ ರವೆ ಉಂಡೆ ಕಟ್ಟುತ್ತಿದ್ದರು. ಗಾತ್ರ ಸರಿಯಾಗಿತ್ತು. ಯಾರೂ ಮುಂದಿನದನ್ನು ಯೋಚಿಸಲಿಲ್ಲ.

ಮೊದಲ ದಿನವೇ ಡ್ರೈವರು ಹಜಾರಕ್ಕೂ ಅಡುಗೆಮನೆಗೂ ಮಧ್ಯೆ ಟೋಕನ್ ತಿಂದುಬಿಟ್ಟ. ನನಗೆ ಇದು ಸಣ್ಣ ವಿಷಯ, ಡಬ್ಬದಲ್ಲಿ ಇನ್ನೂ ಇಪ್ಪತ್ತು ಉಂಡೆಯಿದ್ದವು. ಮಾವ ಒಪ್ಪಲಿಲ್ಲ. “ಒಂದು ಹೊರಗೆ ಹೋಗಿದೆ. ಅದು ವಾಪಸ್ ಬರದೆ ಇನ್ನೊಂದು ಕೊಡೋ ಹಾಗಿಲ್ಲ ಕಣಮ್ಮ.” ವಾಪಸು ಬರುವ ಮಾರ್ಗದ ಬಗ್ಗೆ ಮಗಳು ಏನೋ ಹೇಳಹೊರಟಳು, ಇವರು ತಡೆದರು. ಸಂಜೆಯ ತನಕ ಸಂಚಾರ ಬಂದ್. ಡ್ರೈವರಿನಿಂದ ಲಿಖಿತ ಹೇಳಿಕೆ ಪಡೆಯಲಾಯಿತು. ಅವನು ಕನ್ನಡದಲ್ಲಿ ಸ್ವಂತವಾಗಿ ಬರೆದ ಮೊದಲ ವಾಕ್ಯ ‘ಟೋಕನ್ ನಾನೇ ತಿಂದೆ’. ವಾರಾಂತ್ಯದ ಕನ್ನಡ ಕಲಿ ತರಗತಿಯಲ್ಲಿ ಸಾಧ್ಯವಾಗದ್ದನ್ನು ಇಲಾಖಾ ವಿಚಾರಣೆ ಸಾಧಿಸಿತ್ತು.

ಇಲ್ಲಿಯವರೆಗೆ ಅತ್ತೆ ತಟಸ್ಥರಾಗಿದ್ದರು. ಅವರನ್ನು ಕೆಡಿಸಿದ್ದು ಷಿಕಾಗೋ ನಗರದ ಹಾಲಿಡೇ ಟ್ರೈನ್. 1992ರಿಂದ ನಡೆದುಬಂದ ಸಂಪ್ರದಾಯ ಅದು: ಊರಿನ ಲೋಕಲ್ ರೈಲಿಗೆ ದೀಪದ ಸರ ಸುತ್ತಿ, ಮಧ್ಯೆ ಒಂದು ತೆರೆದ ಬೋಗಿ ಸೇರಿಸಿ, ಅದರಲ್ಲಿ ಸಾಂಟಾಕ್ಲಾಸನ್ನು ಕೂರಿಸಿ ಊರು ಸುತ್ತಿಸುತ್ತಾರೆ. ಕೊರೆಯುವ ಚಳಿಯಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದೆವು. ಮಾವನ ಪ್ರಶ್ನೆ, “ಆ ಮನುಷ್ಯನನ್ನ ತೆರೆದ ವ್ಯಾಗನ್ನಲ್ಲಿ ಕೂರಿಸೋಕೆ ಪರ್ಮಿಷನ್ ಕೊಟ್ಟೋರ್ಯಾರು?” ಅತ್ತೆಯ ಪ್ರಶ್ನೆ ಬೇರೆ. “ಅವರ ತಾತನಿಗೆ ರೈಲಿನಲ್ಲಿ ಉತ್ಸವ. ನಮ್ಮ ರಾಜರಾಣಿ ಏನು ಪಾಪ ಮಾಡಿದ್ರು? ನವರಾತ್ರಿ ಬಂದುಹೋದರೂ ನಿನ್ನ ಬೇಸ್‌ಮೆಂಟಿನ ಡಬ್ಬದಲ್ಲೇ ಬಿದ್ದಿದಾರೆ.”

ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳ ವಿಚಾರ ಅದು. ಅತ್ತೆ ಮೈಸೂರಿನ ಹೆಣ್ಣುಮಗಳು. ಗೊಂಬೆ ಕೂರಿಸುವುದರಲ್ಲಿ ಅವರ ಮಾತಿಗೆ ಎದುರಿಲ್ಲ. ಮೆಟ್ಟಿಲು, ಮೇಲೆ ರಾಜರಾಣಿ, ಕೆಳಗೆ ಶೆಟ್ಟರ ಅಂಗಡಿ, ರಾಗಿ ಮೊಳಕೆ ಹಾಕಿ ಬೆಳೆಸಿದ ಪಾರ್ಕು, ಇವೆಲ್ಲ ಅವರ ಬೆರಳ ತುದಿಯಲ್ಲಿವೆ. ಆದರೆ ಡಿಸೆಂಬರಿನಲ್ಲಿ ಗೊಂಬೆ ಕೂರಿಸಬಹುದೇ? ಅದಕ್ಕೂ ಅವರ ಬಳಿ ಸಮಾಧಾನವಿತ್ತು. “ಕೂರಿಸ್ತಾ ಇಲ್ವಲ್ಲ. ರೈಲು ತೋರಿಸ್ತಾ ಇದೀವಿ.” ಇಂಥ ತೀರ್ಪು ಕೊಡುವವರಿಗೆ ಅಮೆರಿಕದ ವಲಸೆ ಕಚೇರಿಯಲ್ಲಿ ಒಳ್ಳೆಯ ಭವಿಷ್ಯವಿದೆ.

ಮೊದಲ ಯೋಜನೆ, ರಾಜನನ್ನೇ ತೆರೆದ ಬೋಗಿಯಲ್ಲಿ ಕೂರಿಸುವುದು. ಗೇಣುದ್ದದ ಮರದ ರಾಜ, ಆರು ಸ್ಟಡ್ ಎಂದರೆ ಐದು ಸೆಂಟಿಮೀಟರೂ ಇಲ್ಲದ ಅಗಲದ ಬೋಗಿ. ಮೊದಲ ತಿರುವಿನಲ್ಲೇ ಪಟ್ಟ ಉರುಳಿತು. ಅತ್ತೆ ಕೆನ್ನೆ ಬಡಿದುಕೊಂಡರು. ಎರಡನೆಯ ಯೋಜನೆ, ರಾಜರಾಣಿ ಮೆಟ್ಟಿಲ ಮೇಲಿರಲಿ, ಸರಕು ಹೊತ್ತ ಗಾಡಿಯೇ ದರ್ಶನಕ್ಕೆ ಮೆಟ್ಟಿಲು ಹತ್ತಲಿ. ಮಗಳು ಲೆಕ್ಕ ಹಾಕಿದಳು. ಲೆಗೋ ಪ್ಲೇಟಿನ ದಪ್ಪ 3.2 ಮಿಲಿಮೀಟರ್. ಹಳಿಗೊಂದರಂತೆ ಏರಿಸಿದರೆ ನಲವತ್ತಕ್ಕೆ ಒಂದರ ಏರು. ಇಪ್ಪತ್ತು ಸೆಂಟಿಮೀಟರಿನ ಮೊದಲ ಮೆಟ್ಟಿಲು ಹತ್ತಲು ಎಂಟು ಮೀಟರ್ ಹಳಿ ಬೇಕು, ಗೋಡೆ ಒಡೆದು ಪಕ್ಕದ ಮನೆಯೊಳಗಿಂದ ಹೊರಡಬೇಕು.

“ನಲವತ್ತಕ್ಕೊಂದಾ?” ಮಾವ ನೆಟ್ಟಗೆ ಕೂತರು. “ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ 57 ಸುರಂಗದ ಘಾಟಿನಲ್ಲೇ ಐವತ್ತಕ್ಕೊಂದು. ಅದಕ್ಕೇ ಹಿಂದೆ ಬ್ಯಾಂಕರ್ ಎಂಜಿನ್ ಕೊಟ್ಟು ತಳ್ಳಿಸ್ತಿದ್ವಿ. ನೀನು ನನ್ನ ಕಾರ್ಪೆಟ್ ಮೇಲೆ ಅದಕ್ಕಿಂತ ಕಡಿದು ಘಾಟಿ ಮಾಡ್ತೀಯಾ?”

ಕಾರ್ಪೆಟ್ ಆಗಲೇ ಅವರದಾಗಿತ್ತು.

ರಾಜಿ ಆಯಿತು. ರಾಜರಾಣಿ ಮೆಟ್ಟಿಲು ಬಿಟ್ಟು ಮರದ ಬುಡದ ಊಟದ ಮಣೆಗೆ ಇಳಿದರು. ಮಣೆಯ ಎತ್ತರ ಮೂರು ಸೆಂಟಿಮೀಟರ್ ಚಿಲ್ಲರೆ, ಹತ್ತು ಹಳಿಯಲ್ಲಿ ಮುಟ್ಟಬಹುದು. ಮಣೆಯ ಪಕ್ಕ ಶೆಟ್ಟರು, ಶೆಟ್ಟಮ್ಮ, ಅವರ ಮುಂದೆ ಖಾಲಿ ತಟ್ಟೆಗಳು. ಅಡುಗೆಮನೆಯಿಂದ ಕಡಲೆ, ಅವಲಕ್ಕಿ, ಬೆಲ್ಲ ಗೂಡ್ಸಿನಲ್ಲಿ ಬರಬೇಕು. ಅತ್ತೆ ಲೋಡ್ ಮಾಡುವುದನ್ನು ನೋಡಿ ನನಗೆ ಅವರು ನನ್ನ ಸೂಟ್‌ಕೇಸ್ ತುಂಬುವ ಕ್ರಮ ಜ್ಞಾಪಕಕ್ಕೆ ಬಂತು. ಇನ್ನು ಹಿಡಿಯುವುದಿಲ್ಲ ಎಂದ ಮೇಲೂ ಒಂದು ಪೊಟ್ಟಣ ಉಪ್ಪಿನಕಾಯಿ ಒಳಗೆ ಹೋಗುತ್ತದೆ.

ಗಾಡಿ ಹಜಾರ ದಾಟಿ ಏರು ಹಿಡಿಯಿತು. ಮೋಟಾರಿನ ಚಕ್ರಕ್ಕೆ ರಬ್ಬರ್ ಬಳೆ ತೊಡಿಸಿದ್ದರೂ ನಾಲ್ಕನೆಯ ಹಳಿಯಲ್ಲಿ ಗಿರಗಿರನೆ ನಿಂತಲ್ಲೇ ಸುತ್ತಿತು. ಮಗ ಫೋನಿನಲ್ಲಿ ವೇಗ ಏರಿಸಿದ, ಅವಲಕ್ಕಿ ಚೆಲ್ಲಿತು. ಮಾವ ಕೆಂಪು ಕರವಸ್ತ್ರ ಬೀಸಿದರು. ಮರ ಸುತ್ತುತ್ತಿದ್ದ ಸಾಂಟಾನ ಗಾಡಿಯ ಎಂಜಿನ್ ಬಿಡಿಸಿ ಹಿಂದಕ್ಕೆ ಕೊಟ್ಟರು. ಮುಂದಿನ ಎಂಜಿನ್ ಮಗನ ಫೋನಿನಲ್ಲಿ, ಹಿಂದಿನದು ಮಗಳ ಫೋನಿನಲ್ಲಿ. ಹುಟ್ಟಿದಾಗಿನಿಂದ ಒಂದು ವಿಷಯಕ್ಕೂ ಒಮ್ಮತಕ್ಕೆ ಬಾರದ ಅಕ್ಕತಮ್ಮ ಒಂದೇ ವೇಗದಲ್ಲಿ ಹೋಗಬೇಕು. “ತಳ್ಳಬೇಡ ಕಣೇ!” “ನೀನು ಎಳಿಯೋ!” ಎನ್ನುತ್ತ ಗಾಡಿ ಮಣೆ ಹತ್ತಿತು. ಅತ್ತೆ ಆರತಿ ಎತ್ತಿದರು. ಹೊಗೆಗೆ ಚಾವಣಿಯ ಸ್ಮೋಕ್ ಅಲಾರಂ ಬಡಿದುಕೊಂಡಿತು, ಮಾವ ಅದನ್ನು ಎಂಜಿನ್ನಿನ ಸೀಟಿಯೆಂದೇ ಲಾಗ್ ಪುಸ್ತಕದಲ್ಲಿ ದಾಖಲಿಸಿದರು.

ಹೊಸ ವರ್ಷ ಬಂತು. ಶಾಲೆ ತೆರೆಯಿತು, ಆಫೀಸೂ ತೆರೆಯಿತು. ಹಳಿ ಎತ್ತಿಡೋಣವೇ ಎಂದೆ. ಧನುರ್ಮಾಸದಲ್ಲಿ ಗೊಂಬೆ ಎತ್ತಬಾರದು, ಸಂಕ್ರಾಂತಿಗೆ ಎಳ್ಳು ಬೀರಿಯಾದ ಮೇಲೆ ನೋಡೋಣ ಎಂದರು ಅತ್ತೆ. ಲೈನ್ ಮುಚ್ಚುವುದಕ್ಕೆ ತಮಗೆ ಅಧಿಕಾರವಿಲ್ಲ ಎಂದರು ಮಾವ. ಯಾರಿಗಿದೆ ಎಂದು ಹೇಳಲಿಲ್ಲ.

ಈ ಮಧ್ಯೆ ಸುದ್ದಿ ಬೀದಿಗೆಲ್ಲ ಹಬ್ಬಿ, ಪಕ್ಕದ ಮನೆಯ ಅಮೆರಿಕನ್ ಅಜ್ಜ ಒಂದು ಹಳೇ ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ಅವರ ತಂದೆ ಕೊಡಿಸಿದ ಲಯೊನೆಲ್ ಕಂಪನಿಯ ಲೋಹದ ರೈಲು, ನಡುವೆ ಮೂರನೆಯ ಹಳಿ ಇರುವಂಥದ್ದು. ಇಬ್ಬರು ಮುದುಕರೂ ನೆಲದ ಮೇಲೆ ಕೂತರು. ಮಾವನ ಇಂಗ್ಲಿಷ್ ಅವರಿಗೆ, ಅವರ ಇಂಗ್ಲಿಷ್ ಮಾವನಿಗೆ ಅರ್ಧ ತಿಳಿಯದಿದ್ದರೂ ಸಿಗ್ನಲ್, ಪಾಯಿಂಟ್, ಲೂಪ್ ಎಂದು ಒಂದು ಗಂಟೆ ಮಾತು ಸಾಗಿತು. ಆಮೇಲೆ ಆ ಗಾಡಿಯನ್ನು ನಮ್ಮ ಹಳಿಯ ಮೇಲಿಟ್ಟು ನೋಡಿದರು. ಕೂರಲಿಲ್ಲ. ಮಾವ ಸ್ಕೇಲ್ ತರಿಸಿ ಅಳೆದರು.

“32 ಮಿಲಿಮೀಟರ್!” ಅವರ ಮುಖದಲ್ಲಿ ಮೂವತ್ತು ವರ್ಷ ಕಮ್ಮಿಯಾಗಿತ್ತು. “ಗೇಜ್ ಪರಿವರ್ತನೆ ಮಾಡಬೇಕಾಗುತ್ತೆ.”

“ಅಡುಗೆಮನೆ ಲೈನು ಯಾವಾಗ ಬಿಟ್ಟುಕೊಡ್ತೀರಿ ಮಾವ?”

“ಈಗಲೇ ಹೇಳೋಕಾಗಲ್ಲಮ್ಮ. ಮೊದಲು ಸರ್ವೇ ಆಗಬೇಕು.”