ಡೀಸೆಲ್ ಎಂಜಿನ್ ಮೀಮಾಂಸೆ: ಪ್ಲೈವುಡ್ ಹಲಗೆಯ ಮಟ್ಟದಲ್ಲಿ ಒಂದು ವಿಚಾರ

ಶಾಸ್ತ್ರವೆಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ವಿಷಯ, ಆಟಿಕೆ ರೈಲಿಗೆ ಡೀಸೆಲ್ ಎಂಜಿನ್ ಆರಿಸುವುದು. ಅಧಿಕಾರಿ, ನಲವತ್ತು ದಾಟಿದ, ಮಗುವಿಗೆಂದು ಹೇಳಿಕೊಂಡು ತನಗೇ ರೈಲು ಕೊಳ್ಳುವ ಗೃಹಸ್ಥ. ಮಗು ಸಂಬಂಧ ಮಾತ್ರ. ಪ್ರಯೋಜನ ಏನೂ ಇಲ್ಲ. ಪ್ರಯೋಜನವಿಲ್ಲದ ಗ್ರಂಥವನ್ನು ಯಾರಾದರೂ ಬರೆಯುತ್ತಾರೆಯೇ ಎಂದು ಕೇಳುವವರು ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಪ್ರಬಂಧಗಳನ್ನಿಟ್ಟ ಕಪಾಟಿನ ಮುಂದೆ ಐದು ನಿಮಿಷ ನಿಂತು ಬರಬಹುದು.

ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಗಳ ಮಾತು. ಕೊಂಡರೆ ಡಬ್ಲ್ಯುಡಿಎಂ-2 ಕೊಳ್ಳಬೇಕು, ಉಳಿದದ್ದೆಲ್ಲ ತಗಡು ಎಂಬುದು ಇವರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಅಮೆರಿಕದ ಆಲ್ಕೊ ಕಂಪನಿಯಿಂದ 1962ರಲ್ಲಿ ಹಡಗೇರಿ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾಗತೊಡಗಿದ ಈ 2,600 ಅಶ್ವಶಕ್ತಿಯ ಎಂಜಿನ್ ಎರಡು ತಲೆಮಾರಿನ ಬೇಸಿಗೆ ರಜೆಗಳನ್ನು ಅಜ್ಜಿಯ ಊರಿಗೆ ಎಳೆದಿದೆ. ನಿಂತಲ್ಲಿ ಗುಡುಗುಡು, ಹೊರಟಾಗ ಕಪ್ಪು ಹೊಗೆ. ಹೊಗೆಗೆ ಕಾರಣ ಸರಳ. ಚಾಲಕ ಥ್ರಾಟಲ್ ಎತ್ತಿದೊಡನೆ ಡೀಸೆಲ್ ಒಳಗೆ ನುಗ್ಗುತ್ತದೆ, ಆದರೆ ಗಾಳಿ ತುಂಬುವ ಟರ್ಬೊ ವೇಗ ಹಿಡಿಯಲು ಹೊತ್ತು ಬೇಕು. ಗಾಳಿ ಸಾಲದ ಅಷ್ಟು ಹೊತ್ತು ಅರೆಬೆಂದ ಎಣ್ಣೆ ಆಕಾಶಕ್ಕೆ.

ತರ್ಕಶಾಸ್ತ್ರದ ವಿದ್ಯಾರ್ಥಿಗಳು ಮೊದಲ ದಿನ ಕಲಿಯುವ ಪಾಠ, ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುವುದು. ಕ್ಯಾಸಲ್‌ರಾಕ್‌ನಿಂದ ಕುಳೆಮ್‌ಗೆ ಇಳಿಯುವ ಘಾಟಿಯಲ್ಲಿ 37 ಅಡಿಗೆ ಒಂದಡಿ ಏರುವ ಹಳಿಯ ಮೇಲೆ ಹೊಗೆ ಕಂಡ ನೈಯಾಯಿಕ ಹೀಗೆಯೇ ಊಹಿಸಿದ್ದರೆ ತಪ್ಪೇನಿರಲಿಲ್ಲ: ಹಿಂದಿನಿಂದ ನೂಕುತ್ತಿದ್ದ ಆಲ್ಕೊದ 16 ಸಿಲಿಂಡರುಗಳಲ್ಲಿ ಬೆಂಕಿ ಇದ್ದೇ ಇರುತ್ತಿತ್ತು. ಆದರೆ ಆಟಿಕೆ ಎಂಜಿನ್‌ನಲ್ಲಿ ಹೊಗೆ ಬರುವುದು ಸಣ್ಣದೊಂದು ಹೀಟರು ಎಣ್ಣೆಯ ಹನಿಯನ್ನು ಕಾಯಿಸುವುದರಿಂದ. ಹೊಗೆಯುಂಟು, ಬೆಂಕಿಯಿಲ್ಲ. ಸಾವಿರಾರು ವರ್ಷದ ಅನುಮಾನ ಪ್ರಮಾಣ ಹೀಗೆ ಊಟದ ಮನೆಯಲ್ಲಿ ಮುರಿದು ಬಿದ್ದಿರುವುದನ್ನು ಪಂಡಿತರು ಇನ್ನೂ ಗಮನಿಸಿದಂತಿಲ್ಲ.

ಇನ್ನು ಮಾನಾಧ್ಯಾಯ. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಅಳತೆಯಲ್ಲಿ ಎಲ್ಲವೂ 87ನೇ ಒಂದು ಪಾಲು. ಹದಿನೇಳು ಮೀಟರಿನ ಡಬ್ಲ್ಯುಡಿಎಂ-2 ಇಪ್ಪತ್ತು ಸೆಂಟಿಮೀಟರಿಗೆ ಕುಗ್ಗುತ್ತದೆ. ಗಂಟೆಗೆ 120 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 38 ಸೆಂಟಿಮೀಟರ್, ಅಂದರೆ ಮನೆಯ ಬೆಕ್ಕು ಗಾಬರಿಯಾಗದ ವೇಗ. ತೂಕ ಮಾತ್ರ ಹೀಗೆ ಇಳಿಯುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 87ರಿಂದ ಮೂರು ಸಲ ಭಾಗಿಸಬೇಕು. 112.8 ಟನ್ನಿನ ಎಂಜಿನ್ ಆಗ 171 ಗ್ರಾಮಿಗೆ ಬಂದು ನಿಲ್ಲುತ್ತದೆ. ಅಷ್ಟು ಹಗುರದ್ದು ನಾಲ್ಕು ಡಬ್ಬಿ ಎಳೆಯುವಷ್ಟರಲ್ಲಿ ಚಕ್ರ ಜಾರಿಸುತ್ತ ನಿಂತಲ್ಲೇ ತಿರುಗುತ್ತದೆ. ಆದ್ದರಿಂದ ತಯಾರಕರು ಒಳಗೆ ಲೋಹ ತುಂಬಿ ಶಾಸ್ತ್ರಕ್ಕೆ ದ್ರೋಹ ಬಗೆಯುತ್ತಾರೆ. ಎಂಜಿನ್ ಕೈಗೆ ಭಾರವೆನಿಸಿದರೆ ಅದೇ ಒಳ್ಳೆಯ ಲಕ್ಷಣ.

ಹಳಿಯ ವಿಷಯಕ್ಕೆ ಬಂದರೆ ಮತಭೇದ ತೀವ್ರ. ಎಚ್‌ಓ ಹಳಿಗಳ ನಡುವೆ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ ಯುರೋಪು-ಅಮೆರಿಕದ 1,435 ಮಿ.ಮೀ. ಸಿಗುತ್ತದೆ. ನಮ್ಮ ಬ್ರಾಡ್‌ಗೇಜ್ 1,676. ಅಂದರೆ ಮೇಜಿನ ಮೇಲಿನ ಭಾರತೀಯ ಎಂಜಿನ್ನಿನ ಕಾಲ ಕೆಳಗೆ 2.8 ಮಿ.ಮೀ. ಕಾಣೆಯಾಗಿದೆ. ಈ ಕೊರತೆ ಮಾಯೆ, ಮೇಲಿನಿಂದ ನೋಡುವವನಿಗೆ ಎರಡೂ ಒಂದೇ ಎಂದು ಅದ್ವೈತಿಗಳು. ಅಸಲಿ ಅಸಲಿಯೇ, ನಕಲಿ ನಕಲಿಯೇ, ಕೊನೆಯವರೆಗೂ ಬೇರೆಬೇರೆಯೇ ಎಂದು ದ್ವೈತಿಗಳು. ಮೂರನೆಯ ಪಂಥದವರು ಮಾತಾಡುವುದಿಲ್ಲ, ಸ್ವತಃ ಅಗಲ ಹಳಿ ಬೆಸುಗೆ ಹಾಕುತ್ತ ಅಟ್ಟದಲ್ಲಿ ಕೂತಿದ್ದಾರೆ. ಊಟಕ್ಕೆ ಕರೆದರೂ ಇಳಿದು ಬರುವುದಿಲ್ಲ. ಬ್ರಿಟಿಷರ ಕಥೆ ಇನ್ನೂ ವಿಚಿತ್ರ. ಅವರ ಎಂಜಿನ್‌ಗಳ ಮೈ ಸಣ್ಣ, ಅಂದಿನ ಮೋಟಾರು ದಪ್ಪ. ಒಳಗೆ ಹಿಡಿಸಲೆಂದು ಮೈಯನ್ನು 76ನೇ ಒಂದು ಪಾಲಿಗೆ ಹಿಗ್ಗಿಸಿ, ಹಳಿಯನ್ನು ಮಾತ್ರ ಹಾಗೆಯೇ ಬಿಟ್ಟರು. ಮೋಟಾರು ಸಣ್ಣದಾಗಿ ಎಷ್ಟೋ ಕಾಲವಾಯಿತು, ಸಂಪ್ರದಾಯ ಮಾತ್ರ ಹಾಗೇ ಇದೆ.

ಇವರೆಲ್ಲರ ಆಚೆಗೆ ರಿವೆಟ್‌ವಾದಿಗಳೆಂಬ ಉಗ್ರ ಪಂಥವೊಂದುಂಟು. ಭೂತಗನ್ನಡಿ ಹಿಡಿದು ಎಂಜಿನ್ನಿನ ಮೈಮೇಲಿನ ರಿವೆಟ್ ಎಣಿಸುವವರು. ಇವರ ಜೊತೆ ವಾದಕ್ಕಿಳಿಯಬಾರದು, ಚಹಾ ಕೊಟ್ಟು ಕಳಿಸಬೇಕು.

ಈಗ ಎಲ್ಲ ಪಂಥಗಳೂ ಜಾಣತನದಿಂದ ಹಾರಿಸಿಬಿಡುವ ಪ್ರಕರಣ: ತಿರುವು. ಭಾರತದ ಬ್ರಾಡ್‌ಗೇಜ್‌ನಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಎಚ್‌ಓ ಅಳತೆಯಲ್ಲಿ ಎರಡು ಮೀಟರ್. ರೈಲು ಒಂದು ಸುತ್ತು ಬರಬೇಕಾದರೆ ನಾಲ್ಕು ಮೀಟರ್ ಅಗಲದ ಹಲಗೆ ಬೇಕು. ನಮ್ಮ ಗೃಹಸ್ಥನ ಬಳಿ ಇರುವುದು ಮರದಂಗಡಿಯಿಂದ ತಂದ 8×4 ಅಡಿಯ ಪ್ಲೈವುಡ್. ಅದರ ಮೇಲೆ ಅಂಚು ಬಿಟ್ಟು ಹಳಿ ಹಾಸಿದರೆ ತ್ರಿಜ್ಯ 55 ಸೆಂ.ಮೀ. ಪೆಟ್ಟಿಗೆಯ ಜೊತೆ ಬರುವ ಸಿದ್ಧ ಹಳಿಯಾದರೆ ಹಲವು ಸಲ 45 ಸೆಂ.ಮೀ. ಅಷ್ಟೇ, ಅಂದರೆ ಅಸಲಿಯಲ್ಲಿ 40 ಮೀಟರಿಗೆ ಸಮ. ಮೂರು ಮೂರು ಅಚ್ಚಿನ ಎರಡು ಗುಂಪುಗಳ ಮೇಲೆ ನಿಂತ ಡಬ್ಲ್ಯುಡಿಎಂ-2 ಅಲ್ಲಿಗೆ ಬಂದಾಗ ಮೂತಿ ಹಳಿಯಾಚೆ ಚಾಚುತ್ತದೆ, ಹೊಟ್ಟೆ ಒಳಕ್ಕೆ ವಾಲುತ್ತದೆ, ನಡುವಿನ ಚಕ್ರ ಹಳಿಯ ಮೇಲೇರಿ ಕೆಳಗುರುಳುತ್ತದೆ. ಹಿಂದೆ 18 ಬೋಗಿ ಕಟ್ಟುವ ಆಸೆಯೂ ಉಂಟು: ಅದಕ್ಕೆ ನಾಲ್ಕೂವರೆ ಮೀಟರ್ ನೇರ ಹಳಿ ಬೇಕು. 1,507 ಮೀಟರ್ ಉದ್ದದ ಹುಬ್ಬಳ್ಳಿ ಪ್ಲಾಟ್‌ಫಾರಂ ಮಾಡಿಯೇ ತೀರುತ್ತೇನೆ ಎನ್ನುವವರಿಗೆ 17 ಮೀಟರ್. ಪಕ್ಕದ ಮನೆಯವರೊಡನೆ ಮೊದಲು ಮಾತಾಡಿಕೊಳ್ಳುವುದು ಮೇಲು. ‘ಇದು ನಡುಮನೆಯೋ ಯಶವಂತಪುರವೋ?’ ಎಂದು ಒಳಗಿನಿಂದ ಬರುವ ದನಿಯನ್ನು ಶಬ್ದ ಪ್ರಮಾಣವೆಂದು ಎಲ್ಲ ಪಂಥದವರೂ ಒಪ್ಪಿದ್ದಾರೆ. ಅದಕ್ಕೆ ಮೇಲ್ಮನವಿ ಇಲ್ಲ.

ಹಾಗಾದರೆ ನೇರ ಹಳಿಯ ತುದಿಯಲ್ಲಿ ರೈಲನ್ನು ತಿರುಗಿಸಿ, ಬಂದ ಹಳಿಗೇ ಸೇರಿಸಬಾರದೇ ಎಂದು ಶಿಷ್ಯ ಕೇಳಬಹುದು. ಸೇರಿಸಬಾರದು. ಒಂದು ಹಳಿ ಧನ, ಇನ್ನೊಂದು ಋಣ. ಸುತ್ತು ಹಾಕಿ ಹಿಂದಿರುಗಿದ ಎಡ ಹಳಿ ಬಲ ಹಳಿಯನ್ನು ಮುಟ್ಟಿದಲ್ಲಿ ಶಾರ್ಟ್ ಸರ್ಕ್ಯೂಟ್. ಹಳಿ ಕತ್ತರಿಸಿ ಬೇರೆ ಸ್ವಿಚ್ಚು ಹಾಕದೆ ಗತಿಯಿಲ್ಲ.

ಆದ್ದರಿಂದ ಸಿದ್ಧಾಂತ: ಷಂಟಿಂಗ್ ಎಂಜಿನ್ ಕೊಳ್ಳತಕ್ಕದ್ದು. ಚಿತ್ತರಂಜನ್ ಕಾರ್ಖಾನೆಯ ಡಬ್ಲ್ಯುಡಿಎಸ್-4 ಇದಕ್ಕೆ ಮಾದರಿ. ಮೂರೇ ಅಚ್ಚು, ಚಕ್ರಗಳನ್ನು ಹೊರಗಿನಿಂದ ಜೋಡಿಸಿದ ಸರಳು, ಬಲ ಆಲ್ಕೊದ ಮೂರನೇ ಒಂದು ಪಾಲಿಗೂ ಕಡಿಮೆ. ಇಡೀ ಆಯುಷ್ಯ ಯಾರ್ಡಿನಲ್ಲೇ ಕಳೆಯುವ, ಎಕ್ಸ್‌ಪ್ರೆಸ್ಸಿನ ಕನಸು ಕಾಣದ ಎಂಜಿನ್ ಇದು. ಹಲಗೆಯ ತಿರುವಿನಲ್ಲಿ ಮೂತಿ ಸೊಟ್ಟಗಾಗುವುದಿಲ್ಲ. ಅದರ ನಮೂನೆ ಸಿಗದಿದ್ದರೆ ಜರ್ಮನಿಯ ವಿ60 ನಮೂನೆ ಬೇಕಾದಷ್ಟು ಸಿಗುತ್ತದೆ. ಅದಕ್ಕೂ ಮೂರೇ ಅಚ್ಚು, 16.5ರ ಹಳಿ ಅದಕ್ಕೆ ತವರಿನ ಹಳಿ. ಬಣ್ಣ ಬಳಿದುಕೊಂಡರೆ ಬೈಯಪ್ಪನಹಳ್ಳಿಯಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಮ್ಯಾರ್ಕ್ಲಿನ್ ಕಂಪನಿಯ ಎಚ್‌ಓ ಎಂಜಿನ್ ತೆಗೆದುಕೊಳ್ಳುವವರು ಮಾತ್ರ ನೋಡಿಕೊಳ್ಳಿ. ಅದು ಹಳಿಗಳ ನಡುವಿನ ಮೂರನೆಯ ಸಂಪರ್ಕದಿಂದ ವಿದ್ಯುತ್ ಹೀರುವ ಬೇರೆ ಜಾತಿ, ನಮ್ಮ 12 ವೋಲ್ಟಿನ ಎರಡು ಹಳಿಯ ಮೇಲೆ ಓಡದು.

ಈ ಸಿದ್ಧಾಂತಕ್ಕೂ ಆಕ್ಷೇಪವಿದೆ, ಮತ್ತು ಅದು ನ್ಯಾಯವಾದದ್ದು. ಗಿಡ್ಡ ಎಂಜಿನ್ನಿಗೆ ಚಕ್ರ ಕಡಿಮೆ, ಆದ್ದರಿಂದ ವಿದ್ಯುತ್ ಹೀರುವ ಬಾಯಿಯೂ ಕಡಿಮೆ. ಹಳಿ ಕವಲೊಡೆಯುವಲ್ಲಿನ ಪ್ಲಾಸ್ಟಿಕ್ ತುಂಡಿನ ಮೇಲೆ ಬಂದು ಗಕ್ಕನೆ ನಿಂತುಬಿಡುತ್ತದೆ. ಇದಕ್ಕೆ ಪರಿಹಾರ ಅಂಗಡಿಯ ಕೌಂಟರಿನಲ್ಲೇ ಉಂಟು. ಎಂಜಿನ್ ಅಂಗಾತ ಮಾಡಿ ನೋಡಿ, ಆರೂ ಚಕ್ರಗಳ ಹಿಂದೆ ತಾಮ್ರದ ತೆಳು ಪಟ್ಟಿ ತಾಗಿರಬೇಕು. ಅಂಗಡಿಯವರಲ್ಲಿ ಒಂದು ಗೇಣು ಹಳಿ ಕೇಳಿ, ಅದರ ಮೇಲಿಟ್ಟು ವೇಗದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ. ಕೆಟ್ಟದ್ದು ಸುಮ್ಮನಿದ್ದು ಒಮ್ಮೆಲೇ ಜಿಗಿಯುತ್ತದೆ. ಒಳ್ಳೆಯದು ಸರಳಿನ ಒಂದೊಂದು ಸುತ್ತನ್ನೂ ಎಣಿಸಬಹುದಾದಷ್ಟು ನಿಧಾನವಾಗಿ ತೆವಳುತ್ತದೆ. ಚಕ್ರ ಸುತ್ತಿದಾಗಲೆಲ್ಲ ‘ಟಕ್’ ಎಂಬ ಸದ್ದು ಬಂದರೆ ಗಿಯರಿಗೆ ಬಿರುಕು ಬಿಟ್ಟಿರುವುದೇ ಹೆಚ್ಚು, ಪೆಟ್ಟಿಗೆಗೆ ವಾಪಸ್ ಹಾಕಿಸಿ.

ಡಬ್ಲ್ಯುಡಿಎಂ-2 ಇಲ್ಲದೆ ಬದುಕಲಾರೆ ಎನ್ನುವವರು ಮೊದಲು ಟೇಪು ತಂದು ಕೋಣೆ ಅಳೆಯಿರಿ. ತಿರುವಿನ ತ್ರಿಜ್ಯ 60 ಸೆಂ.ಮೀ. ಮುಟ್ಟದಿದ್ದರೆ ಅಂಗಡಿಗೆ ಹೋಗಲೇಬೇಡಿ.