ಡಿಕಾಕ್ಷನ್ ಕುಡಿದ ಸಿಲಿಂಡರ್ ಹೆಡ್

ಮಿಷಿಗನ್‌ನಿಂದ ಊರಿಗೆ ಹೊರಡುವಾಗ ನಮ್ಮ ಮನೆಯಲ್ಲಿ ತೂಕದ ಅಧಿಕಾರ ನನ್ನದು. ಸೂಟ್‌ಕೇಸಿಗೆ 23 ಕಿಲೋ. ಯಾವ ನಾದಿನಿಗೆ ಬಾದಾಮಿ, ಯಾವ ಮೈದುನನಿಗೆ ಸೆಂಟು ಎಂದು ಗ್ರಾಮಿನ ಲೆಕ್ಕದಲ್ಲಿ ತುಂಬಿದ್ದೆ. ಕಳಸದ ಮನೆಯ ಜಗಲಿಯಲ್ಲಿ, ನಾದಿನಿಯರ ಎದುರೇ ಬಿಚ್ಚಿದರೆ ಮೇಲೊಂದು ಟವೆಲ್, ಅದರಡಿ ಇನ್ನೊಂದು ಟವೆಲ್, ಅದರೊಳಗೆ ನಾಲ್ಕು ಗುಂಡಿಗಳಿರುವ ಅಲ್ಯೂಮಿನಿಯಂ ದಿಮ್ಮಿ! ಬಾದಾಮಿ, ಸೆಂಟು ಎಲ್ಲ ಮಿಷಿಗನ್ನಿನ ಗರಾಜಿನಲ್ಲೇ ಉಳಿದಿದ್ದವು.

"ಕಬ್ಬಿಣದ್ದಾಗಿದ್ರೆ ಇದರ ಎರಡರಷ್ಟು ತೂಕ ಇರ್ತಿತ್ತಮ್ಮ" ಎಂದ ಮಗ, ನನಗೇನೋ ಉಪಕಾರ ಮಾಡಿದವನಂತೆ.

ಅವನದು 1990ರ ಫೋರ್ಡ್ ಮಸ್ಟಾಂಗ್. ಅವನಿಗಿಂತ ವಯಸ್ಸಿನಲ್ಲಿ ದೊಡ್ಡದು, ಗರಾಜಿನೊಳಗೆ ಬೆಚ್ಚಗಿರುತ್ತದೆ. ನಮ್ಮ ಓಡುವ ಕಾರು ಹೊರಗೆ ಹಿಮದಲ್ಲಿ. ಐದು ಲೀಟರಿನ ವಿ8 ಎಂಜಿನ್, ಕಂಪನಿಯಿಂದ ಬಂದಾಗ 225 ಕುದುರೆ ಶಕ್ತಿ. ಅಷ್ಟು ಕುದುರೆ ಇವನಿಗೆ ಸಾಲದು. ಅದಕ್ಕೇ ಈ ದಿಮ್ಮಿ, ಅಂದರೆ ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್. ಕಂಪನಿಯ ಹೆಡ್ಡಿನಲ್ಲಿ ಗಾಳಿ ಒಳಗೆ ಬರುವ ವಾಲ್ವ್ ಸುಮಾರು 45 ಮಿ.ಮೀ. ಅಗಲ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಈ ಹೆಡ್ಡಿನದು 51. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿದೀತು, ಹೆಚ್ಚು ಎಳೆದೀತು. ವಿ8ಗೆ ಹೆಡ್ ಎರಡು ಬೇಕು. ಒಂದನ್ನೇ ತಂದಿದ್ದ, ಅಜ್ಜಯ್ಯನಿಗೆ ಸ್ಯಾಂಪಲ್ ತೋರಿಸಲಿಕ್ಕೆ.

ಮೂಲ ಕಿತಾಪತಿ ಅಜ್ಜಯ್ಯನದೇ, ಅಂದರೆ ನನ್ನ ಮಾವನವರದು. "ಅಲ್ಲಿ ಮುಟ್ಟಿದ್ದಕ್ಕೆಲ್ಲ ಡಾಲರ್ ಮಾರಾಯ. ಇಲ್ಲಿಗೆ ತಾ, ಮೂಡಿಗೆರೆಯ ಲೇತಿನವನು ಕೆರೆದು ಕೊಡ್ತಾನೆ" ಎಂದು ಫೋನಿನಲ್ಲಿ ಹೇಳಿದ್ದರಂತೆ. ಮೂಡಿಗೆರೆ ಸೀಮೆಯಲ್ಲಿ ಸ್ವಂತ ಗಾಡಿ ಬಿಚ್ಚುವ ಗಂಡಸರೆಲ್ಲ ಪೂರ್ಣಚಂದ್ರ ತೇಜಸ್ವಿಯವರನ್ನು ಸಾಕ್ಷಿಗೆ ಕರೆಯುತ್ತಾರೆ. ಅವರು ಬಿಚ್ಚಿದ್ದನ್ನು ಮತ್ತೆ ಜೋಡಿಸಿ, ಮೇಲೆ ಪುಸ್ತಕಗಳನ್ನೂ ಬರೆದರು. ನಮ್ಮವರದು ಬಿಚ್ಚುವಲ್ಲಿಗೆ ಮುಗಿಯುತ್ತದೆ.

ಮಾವನವರ ಹೆಮ್ಮೆ ಅವರ ಜಿಪ್ಸಿ. 1298 ಸಿಸಿ ಎಂಜಿನ್ನಿಗೆ ಮೊದಲು ಎಂಟು ವಾಲ್ವಿನ ಹೆಡ್ ಇತ್ತು, 60 ಕುದುರೆ. ಮಾರುತಿಯವರು ಹದಿನಾರು ವಾಲ್ವಿನ ಹೆಡ್ಡೂ ಇಂಜೆಕ್ಷನ್ನೂ ಕೊಟ್ಟ ಮೇಲೆ 80. ಈ ಪಾಠ ನನ್ನ ಮದುವೆಯಾದಂದಿನಿಂದ ಊಟದ ಜೊತೆ ಬಡಿಸಲಾಗುತ್ತಿದೆ. ಅವರ ಕಣ್ಣಿನ ಆಪರೇಷನ್ ಆದಮೇಲೆ ಜಿಪ್ಸಿ ಕೀಲಿಯನ್ನು ಅತ್ತೆ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಾರೆ. ಹಾಗಾಗಿ ಮೊಮ್ಮಗನ ದಿಮ್ಮಿ ಮಾವನವರಿಗೆ ದೇವರೇ ಕಳಿಸಿದ ಹಾಗಾಯಿತು.

ಮಾರಿದವನು ಬೆಂಕಿ ಹತ್ತುವ ಗುಂಡಿ, ಅಂದರೆ ಚೇಂಬರ್, 58 ಸಿಸಿ ಎಂದಿದ್ದನಂತೆ. ನಂಬುವುದು ಹೇಗೆ? ಯಾರೋ ಹೆಡ್ಡಿನ ಅಡಿಯನ್ನು ಕೆರೆಸಿದ್ದರೆ ಗುಂಡಿ ಚಿಕ್ಕದಾಗಿ, ಕಂಪ್ರೆಷನ್ ಏರಿ, ಎಂಜಿನ್ ನಾಕಿಂಗ್ ಶುರು ಮಾಡುತ್ತದೆ. ಅಳೆಯಲೇಬೇಕು. ಪ್ಲಗ್ ಹಾಕಿ, ವಾಲ್ವ್ ಮುಚ್ಚಿ, ತೂತಿರುವ ಪಾರದರ್ಶಕ ಹಾಳೆಯನ್ನು ಗ್ರೀಸ್ ಹಚ್ಚಿ ಗುಂಡಿಯ ಮೇಲೆ ಕೂರಿಸಿ, ತೂತಿನಿಂದ ಬಣ್ಣದ ನೀರು ಬಿಟ್ಟು ಎಷ್ಟು ಹಿಡಿಯಿತೆಂದು ನೋಡಬೇಕು.

ಸಾಮಾನು ಒದಗಿದ ಬಗೆ ಕೇಳಿ. ಗ್ರೀಸಿಗೆ ತುಪ್ಪ, ಡಿಸೆಂಬರ್ ಚಳಿಗೆ ಗಟ್ಟಿಯಾಗಿತ್ತು. ಬಣ್ಣದ ನೀರಿಗೆ ನಮ್ಮದೇ ತೋಟದ ಕಾಫಿಯ ಡಿಕಾಕ್ಷನ್. ಪಾರದರ್ಶಕ ಹಾಳೆ ನಮ್ಮ ಮದುವೆ ಫೋಟೋದ ಚೌಕಟ್ಟಿನದು. ಡ್ರಿಲ್ ಹೊಡೆದ ತೂತು ಈಗ ನಮ್ಮವರ ಹಣೆಗೆ ಸರಿಯಾಗಿ ಕೂತಿದೆ. ಅಳತೆಗೆ ಅತ್ತೆಯ ಇನ್ಸುಲಿನ್ ಸಿರಿಂಜ್.

ಆ ಸಿರಿಂಜ್ ಹಿಡಿಯುವುದು ಒಂದೇ ಮಿಲಿಲೀಟರ್. ಅಂದರೆ ಒಂದು ಗುಂಡಿಗೆ 58 ಸಲ. ಸೂಜಿ ಕಂಡರೆ ದನದ ಕೊಟ್ಟಿಗೆಗೆ ಓಡುವ ಅತ್ತೆ ಅಂದು ಇಡೀ ಡಬ್ಬಿಯನ್ನೇ ತಂದಿಟ್ಟರು. "ಒಂದು ಗುಂಡಿಗೆ ಒಂದು ಸಿರಿಂಜು. ಎಂಜಲು ಮಾಡಬಾರ್ದು" ಎಂದು ಕಟ್ಟಪ್ಪಣೆ ಬೇರೆ. ಖರ್ಚಾದಷ್ಟೂ ತನಗೆ ಚುಚ್ಚುವುದು ತಪ್ಪೀತೆಂಬ ಲೆಕ್ಕ.

ಮಾವನವರ ಕೈ ನಡುಗುತ್ತದೆಂದು ಮಗ ಅವರನ್ನು ಕೇಳದೆಯೇ ಸಿರಿಂಜ್ ತೆಗೆದುಕೊಂಡ. ಅವರೂ ಏನೂ ಅನ್ನದೆ ಟಾರ್ಚ್ ಹಿಡಿದರು. ಅತ್ತೆ ಎಣಿಸುವವರು. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು. ಆಗಲೇ ಅಂಗಳದಲ್ಲಿ ಕೊಯ್ಲಿನ ಕಾಫಿ ಹಣ್ಣು ತೂಗುತ್ತಿದ್ದ ತೋಟದ ರೈಟರ್ "ಅಮ್ಮಾ, ನಲವತ್ತೆರಡು ಕೆಜಿ!" ಎಂದು ಕೂಗಿದ. ಅತ್ತೆ ತಡವರಿಸದೆ "ನಲವತ್ಮೂರು, ನಲವತ್ನಾಲ್ಕು" ಎಂದು ಮುಂದುವರಿಸಿದರು. ಗುಂಡಿ ತುಂಬುವಾಗ ಲೆಕ್ಕ 73!

"ಎಪ್ಪತ್ಮೂರಾದ್ರೆ ಕಂಪ್ರೆಷನ್ನೇ ಇರಲ್ಲ, ನಾನು ಮೋಸ ಹೋದೆ" ಎಂದು ಮಗ ತಲೆ ಮೇಲೆ ಕೈಹೊತ್ತು ಕೂತ. ಡಿಕಾಕ್ಷನ್ ಬಸಿದು, ರೈಟರಿಗೆ ಬಾಯಿ ಮುಚ್ಚಿಕೊಂಡು ತೂಗಲು ಹೇಳಿ, ಮತ್ತೆ ಎಣಿಸಿದರು. ಸರಿಯಾಗಿ 58. ಮಾರಿದವನು ಸತ್ಯವಂತ.

ಅಷ್ಟಕ್ಕೇ ಮುಗಿಯಬೇಕಿತ್ತು. ಮಾವನವರು ಕನ್ನಡಕ ಏರಿಸಿ ಸಿರಿಂಜಿನ ಮೇಲಿದ್ದ 40 ಎಂಬ ಅಂಕಿ ಓದಿದರು. ಕ್ಯಾಲೆಂಡರಿನ ಹಿಂದೆ ಗುಣಿಸಿದರು: 40 ಗುಣಿಸು 58, 2,320. "ಎಲಾ ಇವನ! ನನ್ನ ಜಿಪ್ಸಿಯ ಇಡೀ ಎಂಜಿನ್ನೇ 1298. ಇದರ ಒಂದು ಗುಂಡಿಗೇ 2,320!" ಬಾಳೆಹೊನ್ನೂರಿನ ಭಾವನಿಗೆ ಫೋನ್ ಹೋಯಿತು, ಭಾವನಿಂದ ಕೊಪ್ಪಕ್ಕೆ. ರಾತ್ರಿ ಊಟದ ಹೊತ್ತಿಗೆ ಕೊಪ್ಪದಿಂದ ಯಾರೋ ವಿಚಾರಿಸಿದರು: ನಿಮ್ಮ ಮೊಮ್ಮಗ ಅಮೆರಿಕದಿಂದ ವಿಮಾನದ ಎಂಜಿನ್ ತಂದಿದ್ದಾನಂತೆ, ಹೌದಾ?

ಅತ್ತೆ ಸಾರು ಬಡಿಸುತ್ತ ನಿಧಾನಕ್ಕೆ ಹೇಳಿದರು: "ಅದು ಯೂನಿಟ್ಟು. ನಲವತ್ತು ಯೂನಿಟ್ಟಿಗೆ ಒಂದು ಎಂ.ಎಲ್." ಎಲ್ಲರ ಕೈತುತ್ತು ಕೈಯಲ್ಲೇ. ಡಾಕ್ಟರು ಎಷ್ಟು ಯೂನಿಟ್ ಹೇಳಿದ್ದರೆಂದು ನಾವು ಕೇಳಿದಾಗಲೆಲ್ಲ "ನನಗೆಂಥ ಗೊತ್ತು" ಎನ್ನುವ ಹೆಂಗಸು!

ಮರುದಿನದ ಜಗಳ ಗಾಳಿಯ ದಾರಿಯದು. ಈ ಹೆಡ್ಡಿನ ಪೋರ್ಟ್ 170 ಸಿಸಿ. ಅದನ್ನು 185 ಆಗುವಷ್ಟು ಕೆರೆಸಬೇಕೆಂದು ಮಗನ ಹಟ. 2016ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಿಕ್ಕಮಗಳೂರಿನ ತೋಟಗಳೊಳಗೆ ನಡೆದಾಗ ಗೌರವ್ ಗಿಲ್ ಸ್ಕೋಡಾ ಫಾಬಿಯಾದಲ್ಲಿ ಗೆದ್ದದ್ದನ್ನು ಎತ್ತಿದ. ಮಾವನವರು ಅದನ್ನೇ ತಿರುಗಿಸಿದರು: "ಆ ಗಾಡಿಯ ಟರ್ಬೋ ಉಸಿರಾಡೋ ತೂತು 32 ಮಿ.ಮೀ. ಮಾರಾಯ, ರೂಲ್ಸೇ ಹಾಗೆ. ತೂತು ದೊಡ್ಡದಾದ್ರೆ ಗೆಲ್ತಾರೆ ಅಂತ ಯಾರು ಹೇಳಿದ್ದು?"

ಕಣ್ಣು ಸಾಲದ್ದಕ್ಕೆ ಪೋರ್ಟಿನೊಳಗೆ ಬೆರಳು ಬಿಟ್ಟು, ವಾಲ್ವ್ ಸೀಟಿನವರೆಗೆ ತಡವಿ ನೋಡಿದರು. "ಹೂ ಅರಳಲಿಕ್ಕೆ ಸ್ಪ್ರಿಂಕ್ಲರ್ ಹಾಕ್ತೇವಲ್ಲ, ಪಂಪು ಅದೇ ಇಟ್ಟು ಜೆಟ್ಟಿನ ತೂತು ದೊಡ್ಡದು ಮಾಡು, ನೀರು ಗಿಡದ ಬುಡಕ್ಕೇ ಬೀಳ್ತದೆ. ಗಾಳಿಗೂ ಓಟ ಬೇಕು. ಕೆರೆದ್ರೆ 6,000 ಆರ್‌ಪಿಎಂನಲ್ಲಿ ಎಳೀತದೆ, ಕೆಳಗೆ ಪಿಕಪ್ಪೇ ಇರಲ್ಲ. ನಿನ್ನ ಕಾಲೇಜು ದಾರೀಲಿ 6,000 ಎಲ್ಲಿ ತಿರುಗಿಸ್ತಿ?"

"ಫ್ರೀವೇನಲ್ಲಿ, ರಾತ್ರಿ..." ಎಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಆ ವಿಚಾರಣೆ ಬೇರೆಯೇ ನಡೆಯಿತು; ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಕೆರೆಸುವ ಮಾತು ಅವನೇ ಬಿಟ್ಟ. ಮೂಡಿಗೆರೆಯ ಲೇತಿನವನು ಬಚಾವಾದ.

ಎಲ್ಲರಿಗಿಂತ ಬೇಜಾರಾದದ್ದು ಅತ್ತೆಗೆ. ನಾಲ್ಕು ಗುಂಡಿಗೆ ನಾಲ್ಕೇ ಸಿರಿಂಜು ಮುಗಿದಿದ್ದವು; ಡಬ್ಬಿ ಹಾಗೆಯೇ ಇತ್ತು. ಹೊರಡುವ ದಿನ ಮೊಮ್ಮಗನ ಕೈಗೆ ಕೋಡುಬಳೆ ಪೊಟ್ಟಣ ಕೊಟ್ಟು ಮೆಲ್ಲಗೆ ಕೇಳಿದರು: "ಇನ್ನೊಂದು ಹೆಡ್ಡನ್ನು ಅಳೀಬೇಕಲ್ವಾ ಪುಟ್ಟ? ಯುಗಾದಿಗೇ ತಾ."