ಸೀಟು ಮೀಮಾಂಸೆ: ಕಾಲೇಜು ಮೊದಲೋ, ಬ್ರಾಂಚು ಮೊದಲೋ?

ಸಿಇಟಿ ರ‍್ಯಾಂಕ್ ಬಂದ ಮರುಗಳಿಗೆಯಿಂದ ಕರ್ನಾಟಕದ ಮನೆಗಳಲ್ಲಿ ಏಳುವ ಮಹಾಪ್ರಶ್ನೆ ಒಂದೇ: ಹೆಸರಿರುವ ಕಾಲೇಜಿನಲ್ಲಿ ಸಿಕ್ಕಿದ ಬ್ರಾಂಚೋ, ಸಿಕ್ಕಿದ ಕಾಲೇಜಿನಲ್ಲಿ ಬೇಕಾದ ಬ್ರಾಂಚೋ? ಇದಕ್ಕೆ ಸೋದರಮಾವಂದಿರ ಭಾಷ್ಯ, ಪಕ್ಕದ ಮನೆಯವರ ಟೀಕೆ, ಟ್ಯೂಷನ್ ಮೇಷ್ಟರ ವಾರ್ತಿಕ ಎಲ್ಲ ಇದ್ದರೂ ಮೂಲಗ್ರಂಥವೇ ಇಲ್ಲ. ಆ ಕೊರತೆ ನೀಗಲೆಂದು ಈ ಪ್ರಬಂಧ.

ಮೊದಲು ಪ್ರಮಾಣ ವಿಚಾರ. ವಿಟಿಯು ವಿದ್ಯಾರ್ಥಿಗೆ ಕೊಡುವ ಯುಎಸ್ಎನ್ ಎಂಬ ಹತ್ತಕ್ಷರದ ಮಂತ್ರವನ್ನು ಪದಚ್ಛೇದ ಮಾಡೋಣ. ಮೊದಲ ಅಂಕಿ ಪ್ರಾಂತ್ಯ: 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಅನಂತರದ ಎರಡಕ್ಷರ ಕಾಲೇಜು, ಆರ್.ವಿ.ಗೆ ಆರ್‌ವಿ, ಬಿ.ಎಂ.ಎಸ್.ಗೆ ಬಿಎಂ. ಆಮೇಲೆ ಸೇರಿದ ವರ್ಷ, ಅದಾದ ಮೇಲೆ ಬ್ರಾಂಚಿನ ಎರಡಕ್ಷರ. ಉಳಿದ ಮೂರಂಕಿ ಮಾತ್ರ ವಿದ್ಯಾರ್ಥಿಯ ಸ್ವಯಾರ್ಜಿತ. ಅದೂ ಸಾಮಾನ್ಯವಾಗಿ ಅಪ್ಪ-ಅಮ್ಮ ಇಟ್ಟ ಹೆಸರಿನ ಅಕಾರಾದಿಯಿಂದ ಬಂದದ್ದು. ಮೊದಲ ಎರಡಕ್ಷರಕ್ಕೆ ಜೋತುಬಿದ್ದವರು ಕಾಲೇಜುವಾದಿಗಳು, ಎರಡನೆಯ ಎರಡಕ್ಷರಕ್ಕೆ ಬಿದ್ದವರು ಬ್ರಾಂಚುವಾದಿಗಳು.

ಕಾಲೇಜುವಾದಿಗಳ ಪೂರ್ವಪಕ್ಷ: ಹೆಸರಿದ್ದಲ್ಲಿಗೆ ಕಂಪನಿಗಳೇ ಬರುತ್ತವೆ, ಹೆಸರಿಲ್ಲದ ಕಡೆಯ ಹುಡುಗರು ಪೂಲ್ ಕ್ಯಾಂಪಸ್ಸಿಗೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸಿನಲ್ಲಿ ನಿಂತು ಹೋಗಬೇಕು. ಈ ವಾದದಲ್ಲಿ ಹುರುಳಿರುವುದರಿಂದ ಅಣಕಕ್ಕೆ ಒದಗುವುದಿಲ್ಲ. ಮುಂದಕ್ಕೆ ಹೋಗೋಣ.

ಬ್ರಾಂಚುವಾದಿಗಳ ಸಿದ್ಧಾಂತ: ಎಲ್ಲರಿಗೂ ಪದವಿ ಕೊಡುವುದು ಬೆಳಗಾವಿಯ ಅದೇ ವಿಟಿಯು, ಸಿಎಸ್ ಒಂದೇ ಸತ್ಯ, ಕಟ್ಟಡವೆಲ್ಲ ಮಿಥ್ಯೆ. ಇಬ್ಬರ ನಡುವೆ ಇನ್ಫರ್ಮೇಷನ್ ಸೈನ್ಸಿನ ವಿಶಿಷ್ಟಾದ್ವೈತಿಗಳಿದ್ದಾರೆ: ‘ಅದೂ ಸಿಎಸ್ಸೇ ಕಣ್ರೀ, ಹೆಸರು ಮಾತ್ರ ಬೇರೆ.’ ಡೇಟಾ ಸೈನ್ಸು, ಎಐ-ಎಂಎಲ್, ಸೈಬರ್ ಸೆಕ್ಯುರಿಟಿ ಇವೆಲ್ಲ ಆ ಪರಬ್ರಹ್ಮದ ಅವತಾರಗಳು. ಸಿವಿಲ್ ಮಾತ್ರ ಅವತಾರದ ಪಟ್ಟಿಯಲ್ಲಿಲ್ಲ. 1998ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯ ಯಾರ ಹೆಸರು ಹೊತ್ತಿದೆಯೋ ಆ ಸರ್ ಎಂ.ವಿ. ಪುಣೆಗೆ ಹೋಗಿ ಓದಿದ್ದು ಸಿವಿಲ್ಲೇ. ಆ ಬ್ಯಾಚಿನ ಪ್ಲೇಸ್‌ಮೆಂಟ್ ಹೇಗಿತ್ತೆಂದು ಕೇಳುವವರು ಕನ್ನಂಬಾಡಿ ಕಟ್ಟೆಗೆ ಹೋಗಿ ನೋಡಬಹುದು.

ಇನ್ನು ಪ್ರತಿಷ್ಠೆಯ ಅಳತೆಗೋಲು. ಕೇಂದ್ರ ಸರ್ಕಾರ 2016ರಿಂದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಪ್ರಕಟಿಸುತ್ತಿದೆ. ಪಾಠ, ಸಂಶೋಧನೆ ಮುಂತಾದ ಐದು ಬಾಬತ್ತುಗಳಲ್ಲಿ ಒಂದು ‘ಪರ್ಸೆಪ್ಷನ್’, ಅದಕ್ಕೆ ಶೇ. 10 ಅಂಕ. ಅಂದರೆ ಹೆಸರಿದೆ ಎನ್ನುವುದಕ್ಕೂ ಅಂಕವುಂಟು. ಅಂಕ ಬಂದದ್ದರಿಂದ ಹೆಸರು ಇನ್ನಷ್ಟು ಹಬ್ಬುತ್ತದೆ. ತರ್ಕಶಾಸ್ತ್ರದ ಪಂಡಿತರು ಇದನ್ನು ಅನ್ಯೋನ್ಯಾಶ್ರಯ ದೋಷವೆಂದು ಬೈಯುತ್ತಾರೆ. ಕಾಲೇಜುಗಳು ಅದನ್ನೇ ಫ್ಲೆಕ್ಸ್ ಮಾಡಿಸಿ ಗೇಟಿಗೆ ಕಟ್ಟುತ್ತವೆ.

ಕ್ಷೇತ್ರಕಾರ್ಯವನ್ನು ಸೈಬರ್ ಸೆಂಟರಿನಲ್ಲಿ ನಡೆಸಲಾಯಿತು. ಅಪ್ಪನ ಕೈಯಲ್ಲಿ ಹೋದ ವರ್ಷದ ಕಟಾಫ್ ಪಟ್ಟಿ, ಅದರ ಮೇಲೆ ಕೆಂಪು, ಹಸಿರು, ಹಳದಿ ಗೆರೆ. ಜಾತಕ ಕೂಡಿಸುವಾಗಲೂ ಇಷ್ಟು ಬಣ್ಣ ಬಳಸಿರಲಾರರು. ಅಮ್ಮನ ಕಿವಿಯಲ್ಲಿ ಫೋನು, ಅತ್ತ ಕಡೆ ಸೋದರಮಾವ. ಹುಡುಗ ಹಿಂದಿನ ಸ್ಟೂಲಿನಲ್ಲಿ ಕೂತು ಕುರ್‌ಕುರೆ ತಿನ್ನುತ್ತಿದ್ದ. ‘ನಿನಗೇನು ಇಷ್ಟ?’ ಎಂದು ಸಂಶೋಧಕ ಕೇಳಿದ್ದಕ್ಕೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಸೀಟು ಹಂಚಿಕೆಯಾದ ಮೇಲೆ ಕೆಇಎ ಕೊಡುವ ಚಾಯ್ಸ್‌ಗಳೂ ಪುರುಷಾರ್ಥಗಳಂತೆ ನಾಲ್ಕು. ಒಂದನೆಯದು ತೃಪ್ತಿ. ಎರಡನೆಯದು, ತೃಪ್ತಿಯಿದೆ, ಆದರೂ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಬೇಡವೆನ್ನೆವು. ಮೂರನೆಯದು, ಇದು ಒಲ್ಲೆ, ಮುಂದಿನ ಸುತ್ತು ನೋಡುತ್ತೇವೆ. ನಾಲ್ಕನೆಯದು ಸನ್ಯಾಸ. ಅದೇ ಹುಡುಗ, ಅದೇ ಸ್ಟೂಲು. ಪರದೆಯ ಮೇಲೆ ಸೀಟು ಕಂಡದ್ದೇ ತಡ, ‘ಅಪ್ಪಾ, ಇದೇ ಸಾಕು, ಚಾಯ್ಸ್ ಒನ್ ಕೊಟ್ಬಿಡೋಣ’ ಎಂದ.

‘ಸುಮ್ನಿರೋ, ಮಾವ ಮೀಟಿಂಗಲ್ಲಿದ್ದಾರಂತೆ. ಮುಗಿದ ಮೇಲೆ ಫೋನ್ ಮಾಡ್ತಾರೆ.’